ಕಾಣದ ಶಾನುಭೋಗ

(ಮೈಸೂರಿನಲ್ಲಿ ನಡೆದ ರೈತರ ಅಧ್ಯಯನ ಶಿಬಿರದಲ್ಲಿ ಆಡಿದ ಮಾತಿನ ಬರಹ ರೂಪ. ಶಿಬಿರಕ್ಕೆ ಬರಲಾಗದ ಓದುಗ ರೈತರನ್ನೂ ಎದುರಿಗೆ ಕೂರಿಸಿಕೊಂಡಂತೆ ತಿದ್ದಿ ಬರೆದದ್ದು.)



ಕಳೆದ ಒಂದು ವರ್ಷದಲ್ಲಿ ಯಾವುದಾದರೂ ಕಚೇರಿಯಲ್ಲಿ, ಬ್ಯಾಂಕಿನಲ್ಲಿ, ಸೊಸೈಟಿಯಲ್ಲಿ "ಸರ್ವರ್ ಇಲ್ಲ, ನಾಳೆ ಬಾ" ಅನ್ನೋ ಮಾತು ಕೇಳದೇ ಇರುವವರು ಕೈ ಎತ್ತಿ ಅಂತ ಶಿಬಿರದಲ್ಲಿ ಕೇಳಿದೆ. ಒಂದು ಕೈಯೂ ಏಳಲಿಲ್ಲ. ಇದನ್ನು ಓದುತ್ತಿರುವ ನೀವೂ ಎತ್ತಲಾರಿರಿ.

ನಾಳೆ ಬಾ ಅನ್ನಿಸಿಕೊಳ್ಳುವುದು ನಮಗೇನೂ ಹೊಸದಲ್ಲ. ಅಮಲ್ದಾರರು ಅಂದಿದ್ದಾರೆ, ಶೇಕ್‌ದಾರರು ಅಂದಿದ್ದಾರೆ, ಬ್ಯಾಂಕಿನ ಮ್ಯಾನೇಜರು ಅಂದಿದ್ದಾರೆ. ಅವರೆಲ್ಲ ಕಣ್ಣಿಗೆ ಕಾಣುವ ಮನುಷ್ಯರು. ಬಾಗಿಲಲ್ಲಿ ಕೂತು ಧರಣಿ ಮಾಡಬಹುದಿತ್ತು, ಮುತ್ತಿಗೆ ಹಾಕಬಹುದಿತ್ತು. ಈ ಸರ್ವರ್ ಅನ್ನೋನಿಗೆ ಎಲ್ಲಿ ಮುತ್ತಿಗೆ ಹಾಕೋದು? ಅವನ ಊರು ಯಾವುದು? ಅವನ ಮೇಲಧಿಕಾರಿ ಯಾರು? ಗುಮಾಸ್ತ ಕೈ ಚೆಲ್ಲುತ್ತಾನೆ: "ನನ್ನ ಕೈಯಲ್ಲಿ ಏನಿದೆ ಸ್ವಾಮಿ, ಮೇಲಿಂದ ಬರಬೇಕು." ಅವನು ಹೇಳುವುದು ಸುಳ್ಳಲ್ಲ. ಅವನ ಕೈಯಲ್ಲಿ ನಿಜಕ್ಕೂ ಏನೂ ಇಲ್ಲ. ನಾನು ಇವತ್ತು ಆಡಬೇಕೆಂದಿರುವ ಮಾತು ಇದೇ.

ನಿಮ್ಮ ಒಂದು ದಿನದ ದುಡಿಮೆಗೆ 500 ರೂಪಾಯಿ ಅಂತ ಇಟ್ಟುಕೊಳ್ಳಿ. ಬಸ್ಸು, ಕಾಫಿ, ಜೆರಾಕ್ಸ್ ಸೇರಿ 100. ಒಂದು ಕಾಗದಕ್ಕೆ ಮೂರು ಸಲ ತಿರುಗಿದರೆ 1,800 ರೂಪಾಯಿ. ಬೆಳೆಯ ಉತ್ಪಾದನಾ ವೆಚ್ಚದ ಲೆಕ್ಕದಲ್ಲಿ ಇದನ್ನು ಯಾರೂ ಬರೆಯುವುದಿಲ್ಲ. ಗೊಬ್ಬರದ ಬೆಲೆ ಐವತ್ತು ರೂಪಾಯಿ ಏರಿದರೆ ನಾವು ಬೀದಿಗೆ ಬರುತ್ತೇವೆ. ಈ 1,800ನ್ನು ಮಾತ್ರ ಹಣೆಬರಹ ಅಂತ ಸುಮ್ಮನೆ ಕೊಟ್ಟು ಬರುತ್ತೇವೆ.

ನಾನು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಕಂಪ್ಯೂಟರ್ ಕೆಲಸದಲ್ಲಿದ್ದು, ಈಗ ಅಪ್ಪನ ಮೂರೂವರೆ ಎಕರೆಗೆ ವಾಪಸು ಬಂದವನು. ಹಾಗಾಗಿ ಕೌಂಟರಿನ ಎರಡೂ ಕಡೆ ನಿಂತಿದ್ದೇನೆ. ಇದು ಹಣೆಬರಹ ಅಲ್ಲ. ಇಂಥ ವ್ಯವಸ್ಥೆಯನ್ನು ಹೀಗೇ ಇರಲಿ ಅಂತ ಯಾರೋ ಕೂತು ಯೋಚಿಸಿ ಕಟ್ಟಿದ್ದಾರೆ. ಬೇರೆ ರೀತಿಯಲ್ಲೂ ಕಟ್ಟಬಹುದಿತ್ತು.

ಶಾನುಭೋಗರ ಜಗಲಿಯಿಂದ ಬೆಂಗಳೂರಿಗೆ

ಹಿಂದೆ ಹಳ್ಳಿಯ ಲೆಕ್ಕ ಶಾನುಭೋಗರ ಕೈಯಲ್ಲಿತ್ತು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಕಪ್ಪು ಬಳಿದು ಮಾಡಿದ ಕಡತದಲ್ಲಿ ಬಳಪದಿಂದ ಬರೆಯುತ್ತಿದ್ದರು. ಬಳಪದ ಬರಹ ಅಳಿಸುವುದು ಸುಲಭ, ತಿದ್ದುವುದೂ ಸುಲಭ. ಎಷ್ಟು ಬಡವರ ಗುಂಟೆಗಳು ಹಾಗೆ ಅಳಿಸಿಹೋದವೋ ದೇವರೇ ಬಲ್ಲ. ಆ ಕಾಲವನ್ನು ಹೊಗಳಲು ನಾನು ಬಂದಿಲ್ಲ. ವಂಶಪಾರಂಪರ್ಯದ ಆ ಹುದ್ದೆಗಳನ್ನು 1961ರ ಗ್ರಾಮಾಧಿಕಾರ ರದ್ದಿಯಾತಿ ಕಾನೂನು ತೆಗೆದುಹಾಕಿತು, ಒಳ್ಳೆಯದೇ ಆಯಿತು. ಆಮೇಲೆ ಗ್ರಾಮ ಲೆಕ್ಕಿಗರು ಬಂದರು. ಸುಮಾರು 9,000 ಗ್ರಾಮ ಲೆಕ್ಕಿಗರು ಇಡೀ ರಾಜ್ಯದ ಪಹಣಿಯನ್ನು ಕೈಯಲ್ಲಿ ಬರೆದರು. ಅಲ್ಲೂ ಲಂಚ ಇತ್ತು, ಅಲ್ಲೂ ತಿದ್ದಾಟ ಇತ್ತು.

2000ದ ಹೊತ್ತಿಗೆ "ಭೂಮಿ" ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದರು. ಕೈಬರಹದ ಪಹಣಿಗೆ ಬೆಲೆ ಇಲ್ಲ ಅಂತ ಸಾರಿದರು. 2 ರೂಪಾಯಿಯ ಪಹಣಿ 15 ರೂಪಾಯಿ ಆಯಿತು. ಆದರೂ ಜನ ಕೊಟ್ಟರು. ಯಾಕೆ? ಅಚ್ಚಾದ ಕಾಗದ ಹತ್ತು ನಿಮಿಷಕ್ಕೆ ಕೈಗೆ ಬರುತ್ತಿತ್ತು, ಗ್ರಾಮ ಲೆಕ್ಕಿಗರ ಮನೆ ಕಾಯುವುದು ತಪ್ಪಿತು. ವಿಶ್ವಬ್ಯಾಂಕಿನವರು ಹೊಗಳಿದರು, ಬೇರೆ ರಾಜ್ಯದವರು ಬಂದು ನೋಡಿಕೊಂಡು ಹೋದರು. ಆದದ್ದು ಒಳ್ಳೆಯದನ್ನು ಒಳ್ಳೆಯದು ಅನ್ನಬೇಕು.

ಆದರೆ ಹೊಗಳಿಕೆಯ ನಡುವೆ ಬೇರೆ ಮಾತೂ ಕೇಳಿಬಂತು. ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಒಂದು ಅಧ್ಯಯನ ಬರೆದರು. ಲಂಚ ಹೋಗಲಿಲ್ಲ, ಹೆಚ್ಚಾಯಿತು. ಹಳ್ಳಿಯ ಹತ್ತಿರ ಇದ್ದ ಅಧಿಕಾರ ಮೇಲಕ್ಕೆ ಏರಿತು. ಬೆಂಗಳೂರಿನ ಸುತ್ತ ಭೂಮಿ ಹುಡುಕುವ ದೊಡ್ಡ ಕುಳಗಳಿಗೆ ಒಂದೇ ಕಡೆ ಕೂತು ಎಲ್ಲಾ ನೋಡುವ ಅನುಕೂಲ ಆಯಿತು, ಎಂಬುದು ಅವರ ವಾದ. ಈ ವಾದವನ್ನು ಪೂರ್ತಿ ಒಪ್ಪಬೇಕಿಲ್ಲ. ಆದರೆ ಒಂದು ಪ್ರಶ್ನೆ ಮಾತ್ರ ಬಿಡುವಂತಿಲ್ಲ: ಪುಸ್ತಕ ಯಾರ ಹತ್ತಿರ ಇದೆಯೋ ಯಜಮಾನಿಕೆ ಅವರದ್ದೇ ಅಲ್ಲವೆ?

ಮೊದಲ ದಿನಗಳಲ್ಲಿ ಭೂಮಿಯ ಲೆಕ್ಕ ಆಯಾ ತಾಲ್ಲೂಕು ಕಚೇರಿಯ ಕಂಪ್ಯೂಟರಿನಲ್ಲೇ ಇತ್ತು. ಬೆಂಗಳೂರಿನ ತಂತಿ ಕಡಿದರೂ ನಂಜನಗೂಡಿನ ಪಹಣಿ ನಂಜನಗೂಡಿನಲ್ಲಿ ಸಿಗುತ್ತಿತ್ತು. ಬರಬರುತ್ತಾ ಎಲ್ಲವನ್ನೂ ಬೆಂಗಳೂರಿನ ಡೇಟಾ ಸೆಂಟರಿಗೆ ಸೇರಿಸಿದರು. ಈಗ ಎಲ್ಲಿಂದ ಬೇಕಾದರೂ ಪಹಣಿ ತೆಗೆಯಬಹುದು, ಇದು ಅನುಕೂಲ. ಅಲ್ಲಿ ಕೆಟ್ಟರೆ ಎಲ್ಲೂ ಸಿಗುವುದಿಲ್ಲ, ಇದು ಅದರ ಬೆಲೆ. ಅನುಕೂಲವನ್ನು ಡಂಗುರ ಹೊಡೆದು ಹೇಳಿದರು. ಬೆಲೆಯನ್ನು ಯಾರೂ ಹೇಳಲಿಲ್ಲ.

ಒಂದು ಕಡೆ ಹೊಡೆದರೆ ರಾಜ್ಯವೇ ಕುಂಟುತ್ತೆ

ಆ ಬೆಲೆ 2025ರಲ್ಲಿ ಕಣ್ಣಿಗೆ ಕಂಡಿತು. ಜಮೀನು ನೋಂದಣಿ ಮಾಡುವ "ಕಾವೇರಿ 2.0" ಅನ್ನೋ ವ್ಯವಸ್ಥೆ 2023ರಲ್ಲಿ ಬಂದದ್ದು. 2025ರ ಜನವರಿ ಕೊನೆ, ಫೆಬ್ರವರಿ ಮೊದಲ ವಾರದಲ್ಲಿ ಯಾರೋ ಕಿಡಿಗೇಡಿಗಳು ಸುಳ್ಳು ಖಾತೆಗಳನ್ನು ಹುಟ್ಟಿಸಿ, ಲಕ್ಷಗಟ್ಟಲೆ ಸುಳ್ಳು ಕೋರಿಕೆಗಳನ್ನು ಒಟ್ಟಿಗೇ ಅದರ ಮೇಲೆ ಸುರಿದರು. ಸಂತೆಯ ದಿನ ಒಂದೇ ಬಾಗಿಲಿಗೆ ಸಾವಿರ ಜನ ನುಗ್ಗಿದರೆ ನಿಜವಾದ ಗಿರಾಕಿ ಒಳಗೆ ಹೋಗಲಾರ, ಹಾಗೆ. ಉಪನೋಂದಣಾಧಿಕಾರಿಗಳ ಕಚೇರಿಗಳೆಲ್ಲ ಒಂದಾದ ಮೇಲೊಂದು ಕೈ ಕಟ್ಟಿ ಕೂತವು. ಪೊಲೀಸರಲ್ಲಿ ದೂರು ದಾಖಲಾಯಿತು. ಮಗಳ ಮದುವೆಗೆ ಅರ್ಧ ಎಕರೆ ಮಾರಲು ಹೊರಟಿದ್ದವನಿಗೂ ಆ ಕಿಡಿಗೇಡಿಗಳಿಗೂ ಏನು ಸಂಬಂಧ? ಏನೂ ಇಲ್ಲ. ಆದರೂ ಪೆಟ್ಟು ಬಿದ್ದದ್ದು ಅವನಿಗೆ. ಬೀಗ ಒಂದೇ, ಬೀಗದಕೈ ಒಂದೇ, ಮನೆಗಳು ಮಾತ್ರ ಕೋಟಿ.

ನಮ್ಮ ಸರ್ಕಾರದ ಕೆಲಸವೇ ಹೀಗೆ, ಕಂಪನಿಯವರಾದರೆ ಹೀಗಾಗಲ್ಲ ಅಂತ ಕೆಲವು ವಿದ್ಯಾವಂತರು ಅಂದಾರು. 2024ರ ಜುಲೈ 19ರಂದು ಅಮೆರಿಕದ ಕ್ರೌಡ್‌ಸ್ಟ್ರೈಕ್ ಅನ್ನೋ ಕಂಪನಿ, ಕಂಪ್ಯೂಟರ್ ಕಾಯುವ ತನ್ನ ತಂತ್ರಾಂಶಕ್ಕೆ ಒಂದು ತಪ್ಪು ತಿದ್ದುಪಡಿ ಕಳಿಸಿತು. ಲೋಕದಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಒಂದೇ ದಿನ ಮಲಗಿದವು. ಆಸ್ಪತ್ರೆ, ಬ್ಯಾಂಕು, ವಿಮಾನ ಎಲ್ಲಕ್ಕೂ ಪೆಟ್ಟು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಏನು ಮಾಡಿದರು ಗೊತ್ತೆ? ಪೆನ್ನು ತಗೊಂಡು ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು! ವಿಮಾನ ಹತ್ತುವವನಿಗೆ ಕೈಬರಹ ನಡೆಯುತ್ತೆ. ಎತ್ತಿನ ಗಾಡಿಯವನಿಗೆ ಮಾತ್ರ ನಡೆಯಲ್ಲ, "ಸರ್ವರ್ ಬರಲಿ" ಅಂತ ಕಾಯಬೇಕು.

2025ರ ಅಕ್ಟೋಬರ್ 20ರಂದು ಅಮೆಜಾನ್ ಕಂಪನಿಯ ವರ್ಜೀನಿಯಾದ ಡೇಟಾ ಸೆಂಟರುಗಳಲ್ಲಿ ಒಂದು ದೋಷ ಕಾಣಿಸಿಕೊಂಡು, ಎಷ್ಟೋ ದೇಶಗಳ ಆ್ಯಪ್‌ಗಳೂ ಹಣದ ವ್ಯವಹಾರಗಳೂ ಗಂಟೆಗಟ್ಟಲೆ ನಿಂತವು. ಲೋಕದ ಕಂಪನಿಗಳು ಬಾಡಿಗೆಗೆ ಹಿಡಿಯುವ ಕಂಪ್ಯೂಟರ್ ಜಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅಮೆಜಾನ್, ಮೈಕ್ರೋಸಾಫ್ಟ್, ಗೂಗಲ್ ಎಂಬ ಮೂರೇ ಕಂಪನಿಗಳದ್ದು. ನಮ್ಮ ಫೋನಿನ ಹಣಕ್ಕೆ ಬನ್ನಿ: ಯುಪಿಐ ವ್ಯವಹಾರಗಳಲ್ಲಿ ಬಹುಪಾಲು ನಡೆಯುವುದು ಫೋನ್‌ಪೇ, ಗೂಗಲ್ ಪೇ ಎಂಬ ಎರಡೇ ಆ್ಯಪ್‌ಗಳಲ್ಲಿ. 2025ರ ಮಾರ್ಚ್ 26ರಂದು ಮತ್ತು ಏಪ್ರಿಲ್ 12ರಂದು ಯುಪಿಐ ದೇಶದ ತುಂಬಾ ಕೈಕೊಟ್ಟಿತು. ಇದೇ ಮೈಸೂರಿನ ಮುದ್ರಣಾಲಯದಲ್ಲಿ ಅಚ್ಚಾಗುವ ನೋಟಿಗೆ ಆ ಎರಡು ದಿನವೂ ಏನೂ ಆಗಲಿಲ್ಲ. ಅದು ಕೈಯಿಂದ ಕೈಗೆ ಹೋಗುತ್ತೆ, ನಡುವೆ ಯಾರನ್ನೂ ಕೇಳಬೇಕಿಲ್ಲ.

ಬಲೆಯಾಗಿದ್ದದ್ದು ಹಗ್ಗವಾಯಿತು

ಇಂಟರ್ನೆಟ್ಟು ಹುಟ್ಟಿದ್ದು ಹೀಗಲ್ಲ, ಅದನ್ನು ನೀವು ತಿಳಿಯಬೇಕು. 1960ರ ದಶಕದಲ್ಲಿ ಪಾಲ್ ಬ್ಯಾರನ್ ಎಂಬ ಅಮೆರಿಕದ ಇಂಜಿನಿಯರು ಒಂದು ವಿಚಾರ ಹೇಳಿದ. ಅಣುಬಾಂಬು ಬಿದ್ದು ದೇಶದ ದೊಡ್ಡ ಟೆಲಿಫೋನ್ ಕೇಂದ್ರಗಳು ನಾಶವಾದರೂ ಮಾತು ನಿಲ್ಲಬಾರದು. ಅದಕ್ಕೆ ಒಂದು ನಡುಕೇಂದ್ರವೇ ಇರಬಾರದು, ಮೀನಿನ ಬಲೆಯ ಥರ ಗಂಟಿಗೆ ಗಂಟು ಸೇರಿರಬೇಕು. ನಾಲ್ಕು ಗಂಟು ಹರಿದರೂ ಬಲೆ ಬಲೆಯೇ. ಸುದ್ದಿ ಸುತ್ತುದಾರಿ ಹಿಡಿದು ಹೋಗುತ್ತೆ. 1969ರಲ್ಲಿ ಕೆಲಸ ಶುರು ಮಾಡಿದ ಆರ್ಪಾನೆಟ್, ಅದರಿಂದ ಬೆಳೆದ ಇಂಟರ್ನೆಟ್ಟು, ಈ ಬಲೆಯ ವಿಚಾರದ ಮೇಲೇ ನಿಂತವು.

ಆಮೇಲೆ ವ್ಯಾಪಾರ ಬಂತು. ಎಲ್ಲಾ ಗಂಟುಗಳನ್ನೂ ಬಿಚ್ಚಿ ಒಂದು ಹಗ್ಗ ಹೊಸೆದು ಅದರ ತುದಿಯನ್ನು ಮೂರು ನಾಲ್ಕು ಸಾಹುಕಾರರ ಗೂಟಕ್ಕೆ ಕಟ್ಟಿದರು. ಇದರಲ್ಲಿ ತಂತ್ರಜ್ಞಾನದ ಅನಿವಾರ್ಯತೆ ಏನೂ ಇಲ್ಲ. ಲೆಕ್ಕ ಒಂದೇ ಕಡೆ ಇದ್ದರೆ ಬಾಡಿಗೆ ವಸೂಲಿ ಸುಲಭ, ನಿಗಾ ಇಡುವುದು ಸುಲಭ, ಆಳುವುದು ಸುಲಭ. ಕಂಪನಿಗೆ ಬೇಕಾದ್ದೂ ಪ್ರಭುತ್ವಕ್ಕೆ ಬೇಕಾದ್ದೂ ಇಲ್ಲಿ ಒಂದೇ ಆಯಿತು.

ನಮ್ಮ ಹಿರಿಯರು ಇದನ್ನು ನೀರಿನಲ್ಲಿ ಅರಿತಿದ್ದರು. ಕನ್ನಂಬಾಡಿ ಕಟ್ಟೆ ಬೇಕು, ಬೇಡ ಅನ್ನಲ್ಲ. ಆದರೆ ಕಟ್ಟೆ ಬಂತು ಅಂತ ಊರ ಕೆರೆಯನ್ನು ಮುಚ್ಚಿದ ಊರುಗಳ ಪಾಡು ನೋಡಿದ್ದೀರಿ. ನಾಲೆಯಲ್ಲಿ ನೀರು ಬಿಡದ ವರ್ಷ ಆ ಊರಿನಲ್ಲಿ ದನಕ್ಕೂ ನೀರಿಲ್ಲ. ನನ್ನ ಮಾತು ಇಷ್ಟೇ: ಕಟ್ಟೆ ಇರಲಿ, ಕೆರೆಯೂ ಇರಲಿ.

ಹನ್ನೊಂದನೆಯ ಕಾಲಂ

ಈಗ ಸಾಲದ ವಿಚಾರಕ್ಕೆ ಬರೋಣ. ಪಹಣಿಯ 11ನೇ ಕಾಲಂ ಋಣದ ಕಾಲಂ. ಒಂದು ಕಾಲದಲ್ಲಿ ಅನುಮತಿ ಇಲ್ಲದೆ ಸಾಲ ವಸೂಲಿ ಅಧಿಕಾರಿಗಳು ಒಳಗೆ ಬರಬಾರದು ಅಂತ ಊರ ಮುಂದೆ ಬೋರ್ಡು ಹಾಕಿದ್ದೆವು. ಜೀಪು ಅಲ್ಲೇ ನಿಲ್ಲುತ್ತಿತ್ತು. ಇವತ್ತು ಬ್ಯಾಂಕಿನವರು ಊರಿಗೆ ಬರುವ ಅಗತ್ಯವೇ ಇಲ್ಲ. ಅವರ ಕಂಪ್ಯೂಟರಿಗೂ ಭೂಮಿಗೂ ನೇರ ದಾರಿ ಇದೆ. ಕುರ್ಚಿಯಲ್ಲಿ ಕೂತೇ ಸಾಲದ ಹೊರೆಯನ್ನು ನಿಮ್ಮ ಪಹಣಿಗೆ ಏರಿಸುತ್ತಾರೆ. ಕಂಪ್ಯೂಟರ್ ನಮ್ಮ ಬೋರ್ಡು ಓದುವುದಿಲ್ಲ!

ಏರಿಸುವುದು ಬೇಗ. ಇಳಿಸುವುದು? ನನ್ನದೇ ಕಥೆ ಹೇಳುತ್ತೇನೆ. ಒಂದು ಬ್ಯಾಂಕಿನ ಬೆಳೆ ಸಾಲವನ್ನು ಬಡ್ಡಿ ಸಮೇತ ತೀರಿಸಿ, ಬೇಬಾಕಿ ಪತ್ರವನ್ನೂ ತಗೊಂಡೆ. 11ನೇ ಕಾಲಂ ಮಾತ್ರ ನಾಲ್ಕು ತಿಂಗಳು ಕದಲಲಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ "ನಾವು ಕಳಿಸಿದ್ದೇವೆ", ಕಚೇರಿಯಲ್ಲಿ ಕೇಳಿದರೆ "ನಮಗೆ ಬಂದಿಲ್ಲ". ಇಬ್ಬರೂ ಪರದೆ ತೋರಿಸುತ್ತಾರೆ, ಇಬ್ಬರ ಪರದೆಯೂ ಬೇರೆ ಬೇರೆ ಮಾತು ಹೇಳುತ್ತೆ. ಋಣ ಇರುವ ಪಹಣಿಗೆ ಹೊಸ ಸಾಲ ಹುಟ್ಟಲ್ಲ. ಮಳೆ ಕಾಯುತ್ತಾ? ಊರಲ್ಲಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ 50,000 ಕೈಸಾಲ ತಂದೆ. ತಿಂಗಳಿಗೆ 1,500, ನಾಲ್ಕು ತಿಂಗಳಿಗೆ 6,000 ರೂಪಾಯಿ. ಕಂಪ್ಯೂಟರ್ ಬಲ್ಲವನಾದ ನನಗೇ ಈ ಗತಿ ಬಂದರೆ ಓದು ಬರಹ ಬಾರದ ಅಣ್ಣತಮ್ಮಂದಿರ ಪಾಡೇನು?

2018ರ ಸಾಲ ಮನ್ನಾ ನೆನಪು ಮಾಡಿಕೊಳ್ಳಿ. ಸಹಕಾರ ಸಂಘದ ಸಾಲ 1 ಲಕ್ಷದವರೆಗೆ, ವಾಣಿಜ್ಯ ಬ್ಯಾಂಕಿನ ಸಾಲ 2 ಲಕ್ಷದವರೆಗೆ ಅಂದರು. ಆಧಾರ್, ರೇಷನ್ ಕಾರ್ಡು, ಪಹಣಿ ಮೂರನ್ನೂ ಕಂಪ್ಯೂಟರಿನಲ್ಲಿ ತಾಳೆ ನೋಡಿದರು. ಸಿದ್ದೇಗೌಡ ಅನ್ನೋ ಹೆಸರನ್ನೇ ತಗೊಳ್ಳಿ. ಪಹಣಿಯಲ್ಲಿ ಅಲ್ಪಪ್ರಾಣದ ದ, ಆಧಾರ್‌ನಲ್ಲಿ ಮಹಾಪ್ರಾಣದ ಧ. ಇಂಗ್ಲಿಷಿನಲ್ಲಿ ಒಂದು ಕಡೆ ಗೌಡ ಸೇರಿಸಿ ಬರೆದಿದೆ, ಇನ್ನೊಂದು ಕಡೆ ಬಿಡಿಸಿ ಬರೆದಿದೆ. ಊರಿನ ಯಾವ ಮನುಷ್ಯನನ್ನು ಕೇಳಿದರೂ "ಅವನೇ ಕಣಪ್ಪ" ಅಂತಾನೆ. ಯಂತ್ರ ಮಾತ್ರ "ಇಬ್ಬರು" ಅನ್ನುತ್ತೆ. ಶಾನುಭೋಗನಿಗೆ ಎಷ್ಟೇ ದುರಾಸೆ ಇದ್ದರೂ ನಿಮ್ಮ ಮುಖ ಗೊತ್ತಿತ್ತು. ಈ ಕಾಣದ ಶಾನುಭೋಗನಿಗೆ ನೀವು ಒಂದು ಸಂಖ್ಯೆ. ಸಂಖ್ಯೆ ಹೊಂದಲಿಲ್ಲ ಅಂದರೆ ನೀವು ಇಲ್ಲವೇ ಇಲ್ಲ.

2024ರ ಜನವರಿಯಲ್ಲಿ ಬರ ಪರಿಹಾರದ ಮೊದಲ ಕಂತು, 2,000 ರೂಪಾಯಿವರೆಗೆ, ಕೊಟ್ಟದ್ದೂ "ಫ್ರೂಟ್ಸ್" ಎಂಬ ರೈತರ ಕಂಪ್ಯೂಟರ್ ಪಟ್ಟಿ ನೋಡಿ. ಆ ಪಟ್ಟಿಯಲ್ಲಿ ಸರ್ವೆ ನಂಬರು ಸೇರದ ಜಮೀನಿಗೆ ಬರ ಬರಲೇ ಇಲ್ಲ ಅಂತ ಲೆಕ್ಕ.

ಬೆಲೆಯೂ ಇದರಲ್ಲೇ ಇದೆ

ಬೆಂಬಲ ಬೆಲೆಗೂ ಇದೇ ಬಾಗಿಲು. 2025-26ಕ್ಕೆ ಕೇಂದ್ರ ಸರ್ಕಾರ ರಾಗಿಗೆ ಘೋಷಿಸಿದ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಈ ಬೆಲೆ ಸಿಗಬೇಕಾದರೆ ಗೊತ್ತಾದ ದಿನಗಳ ಒಳಗೆ ಕಂಪ್ಯೂಟರಿನಲ್ಲಿ ಹೆಸರು ಹಚ್ಚಿಸಬೇಕು. ಆ ದಿನಗಳಲ್ಲೇ ಎಲ್ಲರೂ ನುಗ್ಗುತ್ತಾರೆ, ಆ ದಿನಗಳಲ್ಲೇ ಸರ್ವರ್ ಕುಸಿಯುತ್ತೆ. ಹೆಸರು ಹತ್ತದೆ ನೀವು 20 ಕ್ವಿಂಟಲ್ ರಾಗಿಯನ್ನು ಹೊರಗೆ 1,000 ರೂಪಾಯಿ ಕಡಿಮೆಗೆ ಮಾರಿದಿರಿ ಅಂತ ಇಟ್ಟುಕೊಳ್ಳಿ. 20,000 ರೂಪಾಯಿ ಹೋಯಿತು. ಯಾರು ಕದ್ದರು? ಯಾರೂ ಇಲ್ಲ! ಯಾರ ಮೇಲೂ ಕೇಸಿಲ್ಲ. ಬೆಲೆ ಘೋಷಣೆಯ ದೊಡ್ಡ ಅಕ್ಷರ ಪತ್ರಿಕೆಯಲ್ಲಿ ಹಾಗೇ ಉಳಿಯಿತು, ದುಡ್ಡು ವ್ಯಾಪಾರಿಯ ಜೇಬಿಗೆ ಹೋಯಿತು.

ಇನ್ನು ಹೆಬ್ಬೆಟ್ಟು. ನಿಮ್ಮ ಬೆರಳನ್ನು ಆಧಾರ್ ಯಂತ್ರದ ಮೇಲೆ ಒತ್ತಿದಾಗ ಅದು ನಿಮ್ಮೂರಿನಲ್ಲಿ ತೀರ್ಮಾನ ಆಗಲ್ಲ. ಆಧಾರ್‌ನ ಡೇಟಾ ಸೆಂಟರುಗಳು ಬೆಂಗಳೂರಿನಲ್ಲೂ ಹರಿಯಾಣದ ಮಾನೇಸರದಲ್ಲೂ ಇವೆ. ಅಲ್ಲಿಂದ ಹೌದು ಅಥವಾ ಅಲ್ಲ ಅಂತ ಉತ್ತರ ಬರಬೇಕು. ಕಬ್ಬು ಕಡಿದು, ಹೊಗೆಸೊಪ್ಪು ಪೋಣಿಸಿ, ಗಾರೆ ಕಲಸಿ ಸವೆದ ಬೆರಳಿಗೆ "ಅಲ್ಲ" ಅಂತಲೇ ಉತ್ತರ ಬರುವುದು ಜಾಸ್ತಿ. ದುಡಿದ ಕೈಯನ್ನೇ ಗುರುತಿಸಲಾರದ ಯಂತ್ರವನ್ನು ದುಡಿಯುವವರ ದೇಶಕ್ಕೆ ತಂದರು. ಮೆತ್ತನೆ ಬೆರಳಿನವರು ಕೂತು ಕಟ್ಟಿದರೆ ಹೀಗೇ ಆಗುತ್ತೆ.

ಎಷ್ಟು ಜಾಗ ಬೇಕು?

"ಇಷ್ಟು ದೊಡ್ಡ ಲೆಕ್ಕ ಹಳ್ಳಿಯಲ್ಲಿ ಇಡೋಕೆ ಆಗುತ್ತಾ?" ಅಂತ ಅಧಿಕಾರಿಗಳು ಕೇಳುತ್ತಾರೆ. ಬನ್ನಿ, ಲೆಕ್ಕ ಹಾಕೋಣ. ಒಂದು ಪಹಣಿಯಲ್ಲಿ ಹೆಚ್ಚುಕಮ್ಮಿ ಎರಡು ಸಾವಿರ ಅಕ್ಷರಚಿಹ್ನೆ ಅಂತ ಹಿಡಿಯಿರಿ. ಕಂಪ್ಯೂಟರಿನಲ್ಲಿ ಕನ್ನಡದ ಒಂದು ಚಿಹ್ನೆಗೆ ಮೂರು ಬೈಟ್ ಜಾಗ. ಅಲ್ಲಿಗೆ ಒಂದು ಪಹಣಿಗೆ 6,000 ಬೈಟ್. ನಿಮ್ಮ ಊರಿನಲ್ಲಿ 500 ಪಹಣಿ ಇದ್ದರೆ 30 ಲಕ್ಷ ಬೈಟ್. ನಿಮ್ಮ ಮಗ ಫೋನಿನಲ್ಲಿ ತೆಗೆಯುವ ಒಂದು ಫೋಟೋಕ್ಕೆ ಅಷ್ಟು ಜಾಗ ಬೇಕು. ಇಡೀ ರಾಜ್ಯದ 2 ಕೋಟಿ ಪಹಣಿ? 120 ಜಿಬಿ. ಉಗುರಿನಷ್ಟು ದೊಡ್ಡ 128 ಜಿಬಿ ಮೆಮೊರಿ ಕಾರ್ಡಿನಲ್ಲಿ ಕರ್ನಾಟಕದ ರೈತರ ಪಹಣಿ ಎಲ್ಲಾ ಹಿಡಿಯುತ್ತೆ. ಹಾಗಿರುವಾಗ ಗ್ರಾಮ ಪಂಚಾಯತಿಯಲ್ಲಿ ಆ ಪಂಚಾಯತಿಯ ಲೆಕ್ಕದ ಒಂದು ಪ್ರತಿ ಇಡಲು ಅಡ್ಡಿ ಏನು? ಜಾಗದ ಅಡ್ಡಿಯಲ್ಲ, ಯಂತ್ರದ ಅಡ್ಡಿಯಲ್ಲ. ಮನಸ್ಸಿನ ಅಡ್ಡಿ.

1969ರಲ್ಲಿ ಮನುಷ್ಯರನ್ನು ಚಂದ್ರನ ಮೇಲೆ ಇಳಿಸಿದ ಅಪೊಲೊ ನೌಕೆಯ ಕಂಪ್ಯೂಟರಿನ ಕೆಲಸದ ಮೆಮೊರಿ ಸುಮಾರು 4 ಕಿಲೋಬೈಟ್. ನಿಮ್ಮ ಒಂದು ಪಹಣಿ ಹಿಡಿಯುವ ಜಾಗಕ್ಕಿಂತ ಕಡಿಮೆ ಕೆಲಸದ ಮೆಮೊರಿಯಲ್ಲಿ ಚಂದ್ರನಿಗೆ ದಾರಿ ಹುಡುಕಿದರು. ಇವತ್ತು ಅದಕ್ಕಿಂತ ಲಕ್ಷ ಪಟ್ಟು ದೊಡ್ಡ ಯಂತ್ರದಲ್ಲಿ ಒಂದು ಅರ್ಜಿ ತೆರೆಯಲು ಚಕ್ರ ಸುತ್ತುತ್ತಲೇ ಇರುತ್ತೆ. ನಿಕ್ಲಾಸ್ ವಿರ್ತ್ ಎಂಬ ಸ್ವಿಟ್ಜರ್‌ಲೆಂಡಿನ ಹಿರಿಯ ಕಂಪ್ಯೂಟರ್ ವಿಜ್ಞಾನಿ 1995ರಲ್ಲೇ ಎಚ್ಚರಿಸಿದ್ದರು: ಯಂತ್ರಗಳು ಚುರುಕಾಗುವುದಕ್ಕಿಂತ ಬೇಗ ತಂತ್ರಾಂಶ ಸೋಮಾರಿಯಾಗುತ್ತಿದೆ. ಪದರದ ಮೇಲೆ ಪದರ, ಅಂಗಿಯ ಮೇಲೆ ಅಂಗಿ. ಒಳಗಿನ ಆಳು ಬಡಕಲು, ಹೊರಗೆ ಮೂಟೆ. ಈ ಭಾರ ನಮ್ಮ ಹಳ್ಳಿಯ ಸಣ್ಣ ಫೋನು, ಕುಂಟುವ ಸಿಗ್ನಲ್ಲಿನ ಮೇಲೆ ಬೀಳುತ್ತೆ. ನೌಕರರ ಮೇಲೂ ಬಿದ್ದಿದೆ. 2024ರ ಸೆಪ್ಟೆಂಬರಿನಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು, ಅಂದರೆ ಹಿಂದಿನ ಗ್ರಾಮ ಲೆಕ್ಕಿಗರು, ಹತ್ತಾರು ಆ್ಯಪ್‌ಗಳ ಹೊರೆ ತಾಳಲಾರೆವು ಅಂತ ಮುಷ್ಕರ ಹೂಡಿದರು. ಕೌಂಟರಿನ ಆ ಕಡೆಯವನೂ ನಮ್ಮ ಹಾಗೇ ಸಿಕ್ಕಿಬಿದ್ದವನು, ಅವನ ಮೇಲೆ ಕೂಗಾಡಿ ಫಲವಿಲ್ಲ.

ಬೀಜದ ವಿಚಾರ ನಿಮಗೆ ನಾನು ಹೇಳಿಕೊಡಬೇಕಿಲ್ಲ. ಮನೆಯಲ್ಲಿ ಇಟ್ಟುಕೊಳ್ಳಲಾಗದ ಬೀಜವನ್ನು ಪ್ರತಿ ವರ್ಷ ಕೊಳ್ಳಬೇಕು. ಕಂಪ್ಯೂಟರೂ ಅದೇ ದಾರಿ ಹಿಡಿದಿದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ ನಿಲ್ಲಿಸಿತು. ಹೊಸದಾದ ವಿಂಡೋಸ್ 11ನ್ನು ಎಷ್ಟೋ ಹಳೆಯ, ಚೆನ್ನಾಗಿ ಓಡುತ್ತಿದ್ದ ಯಂತ್ರಗಳು ಕಂಪನಿಯ ನಿಯಮದ ಪ್ರಕಾರ ಹಾಕಿಕೊಳ್ಳುವಂತಿಲ್ಲ. ಗಟ್ಟಿಯಾಗಿರುವ ಎತ್ತನ್ನು ಕಸಾಯಿಖಾನೆಗೆ ಹೊಡೆದ ಹಾಗೆ.

ಟ್ರ್ಯಾಕ್ಟರಿಗೂ ಇದು ಬಂದಿದೆ. ಅಮೆರಿಕದಲ್ಲಿ ಜಾನ್ ಡೀರ್ ಟ್ರ್ಯಾಕ್ಟರಿನ ಒಳಗಿನ ತಂತ್ರಾಂಶಕ್ಕೆ ಬೀಗ ಇದ್ದುದರಿಂದ ರೈತರು ಎಷ್ಟೋ ರಿಪೇರಿಗಳನ್ನು ತಾವೇ ಮಾಡಿಕೊಳ್ಳಲಾರದೆ ಕಂಪನಿಯ ಡೀಲರನನ್ನೇ ಕಾಯಬೇಕಾಯಿತು. ಅಲ್ಲಿಯ ರೈತರು ಹೋರಾಡಿದರು. ಕೊಲೊರಾಡೊ ರಾಜ್ಯ 2023ರಲ್ಲಿ ಕೃಷಿ ಯಂತ್ರ ರಿಪೇರಿಯ ಹಕ್ಕಿಗೆ ಕಾನೂನು ಮಾಡಿತು. 2025ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು. ಹುಣಸೂರು ರಸ್ತೆಯ ಮೆಕ್ಯಾನಿಕ್ ಇವತ್ತು ಸ್ಪ್ಯಾನರ್ ಹಿಡಿದು ನಿಮ್ಮ ಗಾಡಿ ಬಿಚ್ಚುತ್ತಾನೆ. ನಾಳೆಯೂ ಅವನು ಬಿಚ್ಚುವಂತಿರಬೇಕಾದರೆ ಈಗಲೇ ಕೇಳಬೇಕು.

ನಾವು ಯಂತ್ರದ ವಿರೋಧಿಗಳಲ್ಲ

"ಎಲ್ಲಾ ಕಡೆ ಪ್ರತಿ ಇದ್ದರೆ ಮೋಸ ಹೆಚ್ಚಲ್ಲವೆ? ಮತ್ತೆ ಶಾನುಭೋಗನ ಕಾಲ ಬರಲ್ಲವೆ?" ಅಂತ ಶಿಬಿರದಲ್ಲಿ ಒಬ್ಬ ಯುವಕ ಕೇಳಿದ. ಒಳ್ಳೆಯ ಪ್ರಶ್ನೆ. ಪುಸ್ತಕ ಒಂದೇ ಇದ್ದಾಗ ತಾನೆ ತಿದ್ದಿದ್ದು ಗೊತ್ತಾಗದೇ ಹೋಗುವುದು? ಬೆಂಗಳೂರಲ್ಲಿ ಒಂದು, ತಾಲ್ಲೂಕಲ್ಲಿ ಒಂದು, ಪಂಚಾಯತಿಯಲ್ಲಿ ಒಂದು ಪ್ರತಿ ಇದ್ದರೆ, ಒಂದರಲ್ಲಿ ಯಾರಾದರೂ ಕೈ ಆಡಿಸಿದ ತಕ್ಷಣ ಉಳಿದ ಎರಡು ಸಾಕ್ಷಿ ಹೇಳುತ್ತವೆ. ತಾಳೆ ನೋಡುವುದು ಕಂಪ್ಯೂಟರಿಗೆ ಕ್ಷಣದ ಕೆಲಸ. ಹೊಸ ಬದಲಾವಣೆ ಬರೆಯುವ ಅಧಿಕಾರ ಕಾನೂನಿನ ಪ್ರಕಾರ ಯಾರಿಗಿದೆಯೋ ಅವರಿಗೇ ಇರಲಿ. ಓದುವ, ತಾಳೆ ನೋಡುವ, ತಂತಿ ಕಡಿದಾಗ ಕೆಲಸ ನಡೆಸುವ ಶಕ್ತಿ ಊರಿಗೂ ಇರಲಿ. ಇದೇ ಬ್ಯಾರನ್ ಹೇಳಿದ ಬಲೆ. ನಾವು ಕೇಳುತ್ತಿರುವುದು ಹಳೆಯದನ್ನಲ್ಲ, ಕಂಪ್ಯೂಟರಿನಲ್ಲಿ ಇರುವ ಒಳ್ಳೆಯದನ್ನು.

ಹಾಗಾದರೆ ಏನೇನು ಕೇಳಬೇಕು?

ಒಂದು, ಪ್ರತಿ ಗ್ರಾಮ ಪಂಚಾಯತಿ ಮತ್ತು ನಾಡಕಚೇರಿಯಲ್ಲಿ ಆ ಊರುಗಳ ಪಹಣಿಯ ಪ್ರತಿ ಇರಬೇಕು. ತಂತಿ ಕಡಿದ ದಿನವೂ ಸಹಿ ಮಾಡಿದ ಕಾಗದ ಸಿಗಬೇಕು.

ಎರಡು, ಸಾಲದ ಹೊರೆಯನ್ನು ಏರಿಸಲು ಎಷ್ಟು ಗಂಟೆಯೋ ಇಳಿಸಲೂ ಅಷ್ಟೇ ಗಂಟೆ. ತಡವಾದರೆ ತಡ ಮಾಡಿದವರು ಬಡ್ಡಿ ಕಟ್ಟಬೇಕು.

ಮೂರು, ಬೆಂಬಲ ಬೆಲೆ, ಪರಿಹಾರ, ವಿಮೆಯ ನೋಂದಣಿಯಲ್ಲಿ ಸರ್ವರ್ ಎಷ್ಟು ದಿನ ಕೆಟ್ಟಿತ್ತೋ ಅಷ್ಟು ದಿನ ಗಡುವು ತಾನಾಗಿಯೇ ಮುಂದೆ ಹೋಗಬೇಕು. ಯಾರ ಕಾಲಿಗೂ ಬೀಳುವಂತಿರಬಾರದು.

ನಾಲ್ಕು, ಅಕ್ಷರದ ತಪ್ಪನ್ನು ಹೋಬಳಿಯಲ್ಲೇ, ನಾಲ್ಕು ಜನ ಊರವರ ಸಾಕ್ಷಿಯ ಮೇಲೆ ಸರಿ ಮಾಡಬೇಕು. ಬೆರಳು ಒಪ್ಪದವನನ್ನು ಕಾಗದದ ಮೇಲೆ ಒಪ್ಪಬೇಕು.

ಐದು, ಸರ್ಕಾರದ ತಂತ್ರಾಂಶ ಹೇಗೆ ಕೆಲಸ ಮಾಡುತ್ತೆ ಅನ್ನುವುದು ಗುಟ್ಟಾಗಿರಬಾರದು. ಜನರ ದುಡ್ಡಿನಲ್ಲಿ ಕಟ್ಟಿದ್ದನ್ನು ಜನ ಬಿಚ್ಚಿ ನೋಡುವಂತಿರಬೇಕು.

ಆರು, ರೈತರ ಪಟ್ಟಿಯನ್ನು ಗ್ರಾಮಸಭೆ ಕೇಳದೆ ಯಾವ ಕಂಪನಿಗೂ ತೋರಿಸಬಾರದು. 2021ರ ಏಪ್ರಿಲಿನಲ್ಲಿ ಕೇಂದ್ರದ ಕೃಷಿ ಇಲಾಖೆ ಆರು ರಾಜ್ಯಗಳ 100 ಹಳ್ಳಿಗಳಲ್ಲಿ ಪ್ರಯೋಗ ಮಾಡಲು ಮೈಕ್ರೋಸಾಫ್ಟ್ ಜೊತೆ ಒಪ್ಪಂದ ಮಾಡಿಕೊಂಡದ್ದು ನೆನಪಿರಲಿ. ನಮ್ಮ ಜಮೀನು, ಬೆಳೆ, ಸಾಲ ಮೂರೂ ಗೊತ್ತಿರುವವನು ನಮ್ಮ ಬೆಲೆಯನ್ನು ನಮಗಿಂತ ಮೊದಲೇ ಕಟ್ಟುತ್ತಾನೆ.

ನಾಳೆಯಿಂದ ನೀವು ಮಾಡಬಹುದಾದ್ದು

ಇದೆಲ್ಲ ಬರುವವರೆಗೆ ಸುಮ್ಮನೆ ಕೂರುವುದು ಬೇಡ. "ಸರ್ವರ್ ಇಲ್ಲ" ಅಂದರೆ ಬರಿಗೈಯಲ್ಲಿ ವಾಪಸು ಬರಬೇಡಿ. ಅರ್ಜಿಯನ್ನು ಕಾಗದದ ಮೇಲೆ ಕೊಡಿ, ಇಂಥ ದಿನ, ಇಂಥ ಗಂಟೆಯಲ್ಲಿ ಸರ್ವರ್ ಇಲ್ಲದ ಕಾರಣ ಕೆಲಸ ಆಗಲಿಲ್ಲ ಅಂತ ಹಿಂಬರಹ ಕೇಳಿ. ಜಗಳ ಬೇಡ, ಹಿಂಬರಹ ಬೇಕು. ಕೊಡದಿದ್ದರೆ ನಿಮ್ಮ ಅರ್ಜಿಗೆ ಸ್ವೀಕೃತಿಯಾದರೂ ಪಡೆಯಿರಿ, ಅದೂ ಆಗದಿದ್ದರೆ ಅಂಚೆಯಲ್ಲಿ ರಿಜಿಸ್ಟರ್ ಮಾಡಿ ಕಳಿಸಿ. ಊರಿನಲ್ಲಿ ಒಂದು ನೋಟ್‌ಪುಸ್ತಕ ಇಡಿ: ಯಾವ ದಿನ, ಯಾವ ಕಚೇರಿ, ಯಾರ ಕೆಲಸ ನಿಂತಿತು, ಎಷ್ಟು ಖರ್ಚಾಯಿತು. ಒಬ್ಬನ 1,800 ರೂಪಾಯಿ ಗೊಣಗಾಟ ಅಷ್ಟೇ. ನೂರು ಊರಿನ ಲೆಕ್ಕ ಸೇರಿದರೆ ಬೇಡಿಕೆ ಆಗುತ್ತೆ. 2005ರ ಮಾಹಿತಿ ಹಕ್ಕಿನ ಕಾನೂನಿನಲ್ಲಿ ಸರ್ವರ್ ಎಷ್ಟು ದಿನ ಕೆಟ್ಟಿತ್ತು ಅಂತ ಕೇಳಿ, ಅವರ ಉತ್ತರವನ್ನು ನಿಮ್ಮ ಪುಸ್ತಕದ ಜೊತೆ ತಾಳೆ ನೋಡಿ.

ವರ್ಷಕ್ಕೊಂದು ಸಲವಾದರೂ ಪಹಣಿ ತೆಗೆಸಿ, 11ನೇ ಕಾಲಂ ನೋಡಿ, ಕಬ್ಬಿಣದ ಪೆಟ್ಟಿಗೆಯಲ್ಲಿ ಇಡಿ. ಬೇಬಾಕಿ ಪತ್ರ ಎಸೆಯಬೇಡಿ. ಗ್ರಾಮಸಭೆಯಲ್ಲಿ ಊರಿನ ಪಹಣಿಗಳನ್ನು ಗಟ್ಟಿಯಾಗಿ ಓದಿಸಿ. ತಪ್ಪಿದ್ದರೆ ಪಕ್ಕದ ಹೊಲದವನೇ ಹೇಳುತ್ತಾನೆ. ಇಲ್ಲಿ ಹೆಬ್ಬಾಳದ ಇನ್ಫೋಸಿಸ್‌ನಂಥ ಕಡೆ ತರಬೇತಿ ಪಡೆದ ಮಕ್ಕಳು ನಮ್ಮ ಮನೆಗಳಲ್ಲೂ ಇದ್ದಾರೆ. ಹಬ್ಬಕ್ಕೆ ಊರಿಗೆ ಬಂದಾಗ ಹೋಳಿಗೆ ಬಡಿಸಿ ಒಂದು ಮಾತು ಕೇಳಿ: "ಮಗಾ, ನೀನು ಕಟ್ಟೋ ಯಂತ್ರ ತಂತಿ ಕಡಿದ ದಿನ ನಿಮ್ಮಪ್ಪನಿಗೆ ಏನು ಹೇಳುತ್ತೆ?" ಆ ಪ್ರಶ್ನೆಯನ್ನು ಅವರ ಕಾಲೇಜಿನಲ್ಲಿ ಯಾರೂ ಕೇಳಿರುವುದಿಲ್ಲ.

ಶಾನುಭೋಗರ ಜಗಲಿ ಹೋಗಿ ಅರವತ್ತು ವರ್ಷದ ಮೇಲಾಯಿತು. ಆ ಜಗಲಿಯ ಮುಂದೆ ನಮ್ಮ ಅಜ್ಜಂದಿರು ಕೈಕಟ್ಟಿ ನಿಂತಿದ್ದರು, ಅದು ಹೋದದ್ದು ಒಳ್ಳೆಯದೇ. ಆದರೆ ನಮ್ಮ ಲೆಕ್ಕ ನಮ್ಮ ಕೈಗೆ ಬಂತು ಅಂದುಕೊಂಡಾಗ ಅದು ಇನ್ನೂ ದೂರ ಹೋಯಿತು. ಅದನ್ನು ವಾಪಸು ಊರಿಗೆ ತರುವುದು ನಮ್ಮ ಕೆಲಸ. ಮುಂದಿನ ಸಲ ಕೌಂಟರಿನ ಮುಂದೆ ನಿಂತಾಗ ಮೊದಲು ಹಿಂಬರಹ ಕೇಳಿ. ಅಲ್ಲಿಂದ ಶುರು ಮಾಡೋಣ.